ಇವತ್ತು ಮಳೆ ಬರುತ್ತಾ? ಸ್ಕ್ರೀನ್ ರೀಡರಿಗೆ ಸಿಗುವ ಹವಾಮಾನ

(ಈ ಮಾತು ಕೇಳಲು ಬಂದವರಲ್ಲಿ ಅರ್ಧ ಜನ ನನ್ನ ಹಾಗೆ ಕಣ್ಣು ಕಾಣದವರು, ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು. ಇನ್ನರ್ಧ ಜನ ವೆಬ್‌ಸೈಟ್, ಆ್ಯಪ್ ಮಾಡುವವರು. ಆಡಿದ್ದನ್ನು ಅಲ್ಲಲ್ಲಿ ತಿದ್ದಿ, ಅಂದು ಕೇಳಿಸಿದ ಧ್ವನಿಯನ್ನು ಅಕ್ಷರಕ್ಕೆ ಇಳಿಸಿ ಇಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ತುಣುಕು ಕೇಳಿ. ನಾನು ಬಹಳ ದಿನ ಬಳಸಿದ ಒಂದು ಹವಾಮಾನ ಪುಟವನ್ನು ನನ್ನ ಫೋನು ಓದುತ್ತಿದ್ದದ್ದು ಹೀಗೆ:

“ಬಟನ್. ಬಟನ್. ಚಿತ್ರ, ಐಕಾನ್ ಅಂಡರ್‌ಸ್ಕೋರ್ ಸೊನ್ನೆ ನಾಲ್ಕು ಡಿ ಡಾಟ್ ಪಿಎನ್‌ಜಿ. ಮೂವತ್ತೊಂದು ಸ್ಲ್ಯಾಷ್ ಇಪ್ಪತ್ತಮೂರು. ಚಿತ್ರ. ಅರವತ್ತು. ಚಿತ್ರ. ಹನ್ನೆರಡು. ಜಾಹೀರಾತು.”

ನನ್ನ ಪ್ರಶ್ನೆ ಇಷ್ಟೇ ಇತ್ತು: ಸಂಜೆ ನಾನು ಹೊರಗೆ ಹೋಗುವ ಹೊತ್ತಿಗೆ ಮಳೆ ಬರುತ್ತಾ? ಉತ್ತರ ಆ ಪುಟದಲ್ಲೇ ಇತ್ತು. ಅರವತ್ತರ ಪಕ್ಕ ಒಂದು ಹನಿಯ ಚಿತ್ರ, ಹನ್ನೆರಡರ ಪಕ್ಕ ಒಂದು ಬಾಣ. ನೋಡುವವರಿಗೆ ಅರೆಕ್ಷಣದಲ್ಲಿ ತಿಳಿಯುತ್ತದೆ. ನನಗೆ ಹನಿಯೂ ‘ಚಿತ್ರ’, ಬಾಣವೂ ‘ಚಿತ್ರ’. ಅರವತ್ತು ಅಂದರೆ ಮಳೆಯ ಸಾಧ್ಯತೆಯೋ, ಗಾಳಿಯಲ್ಲಿನ ತೇವವೋ? ಹನ್ನೆರಡು ಅಂದರೆ ಗಾಳಿಯ ವೇಗವೋ, ಮಳೆಯ ಮಿಲಿಮೀಟರೋ? ತೇವ 60 ಇದ್ದರೆ ನಾನು ಸುಮ್ನೆ ಹೊರಟುಬಿಡಬಹುದು. ಮಳೆಯ ಸಾಧ್ಯತೆ 60 ಇದ್ದರೆ ಕೊಡೆ ಬೇಕು.

ಕೊಡೆ ನನಗೆ ಸಣ್ಣ ವಿಷಯ ಅಲ್ಲ. ಒಂದು ಕೈಯಲ್ಲಿ ಬಿಳಿ ಕೋಲು ಇರುತ್ತದೆ. ಇನ್ನೊಂದು ಕೈಗೆ ಕೊಡೆ ಬಂತೆಂದರೆ ಗೋಡೆ, ಕಂಬಿ, ಬಾಗಿಲು ಮುಟ್ಟಿ ನೋಡಲು ಕೈಯೇ ಉಳಿಯುವುದಿಲ್ಲ. ಕೊಡೆಯ ಮೇಲೆ ಬೀಳುವ ಹನಿಗಳ ಸದ್ದು ಕಿವಿಯ ಪಕ್ಕದಲ್ಲೇ ಇರುತ್ತದೆ. ವಾಹನಗಳ ಸದ್ದು ಅದರೊಳಗೆ ಮುಳುಗುತ್ತದೆ. ಒದ್ದೆ ರಸ್ತೆಯಲ್ಲಿ ಟೈರುಗಳ ಸದ್ದೇ ಬೇರೆ, ಗಾಡಿ ಎಷ್ಟು ದೂರ ಇದೆ ಎಂಬ ಅಂದಾಜು ತಪ್ಪುತ್ತದೆ. ಗಾಳಿ ಜೋರಾದರೆ ಗೋಡೆಗೆ ತಾಗಿ ಮರಳುವ ಸದ್ದು ಸಿಗುವುದಿಲ್ಲ. ಆ ಸದ್ದಿನಿಂದಲೇ ನಮ್ಮಲ್ಲಿ ಎಷ್ಟೋ ಜನ ‘ಇಲ್ಲಿ ಕಟ್ಟಡ ಮುಗಿಯಿತು, ತಿರುವು ಬಂತು’ ಎಂದು ತಿಳಿಯುತ್ತೇವೆ. ಹಿಮ ಬೀಳುವ ಕಡೆ ಫುಟ್‌ಪಾತಿನ ಅಂಚೇ ಕೋಲಿಗೆ ಸಿಗದು. ಮಾರ್ಗದರ್ಶಿ ನಾಯಿಯ ಜೊತೆ ನಡೆಯುವವರು ಕಾದ ನೆಲ ಅದರ ಪಾದ ಸುಡುತ್ತದೆಯೇ ಎಂದೂ ಯೋಚಿಸಬೇಕು.

ನೋಡುವವರು ಹೊರಡುವ ಮುಂಚೆ ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಒಂದು ಕಡೆ ಮೋಡ ಕಪ್ಪಾಗಿದ್ದರೆ ಗೊತ್ತಾಗುತ್ತದೆ. ಆ ಒಂದು ನೋಟದ ಜಾಗದಲ್ಲಿ ನನಗೆ ಇರುವುದು ಮುನ್ಸೂಚನೆ. ಅದಕ್ಕೇ ಈ ವಿಷಯದ ಬಗ್ಗೆ ಇಷ್ಟು ಹೊತ್ತು ಮಾತಾಡಲು ಬಂದಿದ್ದೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1861ರ ಆಗಸ್ಟ್ 1ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಜನಸಾಮಾನ್ಯರಿಗಾಗಿ ಹವಾಮಾನ ಮುನ್ಸೂಚನೆ ಮೊದಲ ಸಲ ಅಚ್ಚಾಯಿತು. ಅದನ್ನು ಕೊಟ್ಟವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕಪ್ತಾನ ಇವರೇ. ‘ಫೋರ್‌ಕಾಸ್ಟ್’ ಎಂಬ ಪದವನ್ನು ಹವಾಮಾನಕ್ಕೆ ತಂದವರೂ ಇವರೇ. ಆ ಮೊದಲ ಮುನ್ಸೂಚನೆಯಲ್ಲಿ ಒಂದೇ ಒಂದು ಚಿತ್ರ ಇರಲಿಲ್ಲ. ಉತ್ತರ, ಪಶ್ಚಿಮ, ದಕ್ಷಿಣ ಎಂದು ಮೂರು ಭಾಗ. ಪ್ರತಿ ಭಾಗಕ್ಕೂ ಗಾಳಿ ಎತ್ತಲಿಂದ, ಎಷ್ಟು ಜೋರು, ದಿನ ಹೇಗಿರುತ್ತದೆ ಎಂದು ನಾಲ್ಕೈದು ಪದ. ಅಷ್ಟೇ. ಅದೇ ಪತ್ರಿಕೆ ಹವಾಮಾನದ ನಕ್ಷೆ ಅಚ್ಚು ಮಾಡಿದ್ದು 1875ರ ಏಪ್ರಿಲ್ 1ರಂದು. ಅದನ್ನು ತಯಾರಿಸಿದವರು ಫ್ರಾನ್ಸಿಸ್ ಗಾಲ್ಟನ್. ಅಂದರೆ ಮಾತು ಬಂದು ಹದಿಮೂರು ವರ್ಷ ದಾಟಿದ ಮೇಲೆ ಚಿತ್ರ ಬಂತು.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ‘ಹವಾಮಾನ ನೋಡುವ ವಿಷಯ, ನಿಮಗೆ ಮಾಡಿಕೊಡುವುದು ಕಷ್ಟ’ ಎಂದು ನನಗೆ ತುಂಬ ಜನ ಹೇಳಿದ್ದಾರೆ. ಹಾಗಿಲ್ಲ. ಇವತ್ತಿಗೂ ದೊಡ್ಡ ಕಂಪ್ಯೂಟರುಗಳ ಲೆಕ್ಕದಿಂದ ಹೊರಬರುವುದು ಅಂಕಿಗಳೇ: ಇಷ್ಟು ಗಂಟೆಗೆ ಇಷ್ಟು ಡಿಗ್ರಿ, ಇಷ್ಟು ಮಿಲಿಮೀಟರ್, ಗಾಳಿ ಇಂಥ ದಿಕ್ಕಿನಿಂದ. ಸ್ಕ್ರೀನ್ ರೀಡರಿಗೆ ಬೇಕಾದದ್ದೂ ಅದೇ. ನಮ್ಮ ಕೈಗೆ ಬರುವ ಹೊತ್ತಿಗೆ ಯಾರೋ ಅದನ್ನು ಬಣ್ಣ, ಬಾಣ, ಮೋಡದ ಬೊಂಬೆ ಮಾಡಿರುತ್ತಾರೆ. ಬೊಂಬೆ ಇರಲಿ, ಬೇಡ ಅನ್ನುವುದಿಲ್ಲ. ಅದರ ಹಿಂದೆ ಇದ್ದ ಮಾತನ್ನು ಬಿಸಾಡಬೇಡಿ ಎನ್ನುವುದೇ ನನ್ನ ಬೇಡಿಕೆ.

ಕಿವಿಗಾಗಿಯೇ ಬರೆದ ಮುನ್ಸೂಚನೆ ಹೇಗಿರುತ್ತದೆ ಎಂದು ಕಲಿಯಬೇಕಾದರೆ ಬ್ರಿಟನ್ನಿನ ‘ಶಿಪ್ಪಿಂಗ್ ಫೋರ್‌ಕಾಸ್ಟ್’ ಕೇಳಿ. ಸುತ್ತಲಿನ ಸಮುದ್ರದಲ್ಲಿರುವ ಹಡಗುಗಳಿಗಾಗಿ ಬಿಬಿಸಿ ರೇಡಿಯೊದಲ್ಲಿ 1920ರ ದಶಕದಿಂದ ಬರುತ್ತಿರುವ ಮುನ್ಸೂಚನೆ ಅದು. ಅದರ ಕ್ರಮ ಬದಲಾಗುವುದಿಲ್ಲ. ಮೊದಲು ಬಿರುಗಾಳಿಯ ಎಚ್ಚರಿಕೆ. ಆಮೇಲೆ ಒಟ್ಟು ಚಿತ್ರಣ. ಆಮೇಲೆ ಒಂದೊಂದೇ ಪ್ರದೇಶ: ಗಾಳಿ, ಸಮುದ್ರದ ಸ್ಥಿತಿ, ಮಳೆಬಿಸಿಲು, ಕೊನೆಗೆ ಎಷ್ಟು ದೂರ ಕಾಣುತ್ತದೆ ಎಂಬುದು. ಪದಗಳಿಗೂ ಗಟ್ಟಿ ಅರ್ಥ ಇದೆ. ‘ಇಮಿನೆಂಟ್’ ಅಂದರೆ 6 ಗಂಟೆಯೊಳಗೆ. ‘ಸೂನ್’ ಅಂದರೆ 6ರಿಂದ 12 ಗಂಟೆ. ‘ಲೇಟರ್’ ಅಂದರೆ 12ರಿಂದ 24 ಗಂಟೆ. ಕ್ರಮ ಗೊತ್ತಿರುವುದರಿಂದ ಬರೀ ಒಂದು ಅಂಕಿ ಕೇಳಿದರೂ ಅದು ಯಾವುದರ ಅಂಕಿ ಎಂದು ಕೇಳುವವರಿಗೆ ತಿಳಿಯುತ್ತದೆ. ನಾನು ಶುರುವಿನಲ್ಲಿ ಕೇಳಿಸಿದ ಪುಟದಲ್ಲಿ ಇಲ್ಲದೇ ಹೋದದ್ದು ಇದೇ. ಅಲೆಯ ಮಧ್ಯೆ, ರೇಡಿಯೊದ ಗರಗರದಲ್ಲಿ, ಒಂದೇ ಸಲ ಕೇಳಿ ಅರ್ಥ ಮಾಡಿಕೊಳ್ಳಬೇಕಾದವರಿಗೆ ಮಾಡಿದ ವ್ಯವಸ್ಥೆ ಅದು. ನಮಗೂ ಸರಿಯಾಗಿ ಹೊಂದುತ್ತದೆ.

ಗಾಳಿಗೆ ಬೋಫರ್ಟ್ ಮಾಪಕ ಇದೆಯಲ್ಲ, ಅದೂ ಹಾಗೆಯೇ. 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ಹಡಗಿಗೆಂದು ಮಾಡಿದ್ದು, ಆಮೇಲೆ ನೆಲಕ್ಕೂ ಬಂತು. ಸೊನ್ನೆಯಿಂದ 12ರವರೆಗೆ. 2 ಅಂದರೆ ಮುಖಕ್ಕೆ ಗಾಳಿ ತಾಗುತ್ತದೆ, ಎಲೆಗಳು ಸರಸರ ಎನ್ನುತ್ತವೆ. 6 ಅಂದರೆ ತಂತಿಗಳು ಸಿಳ್ಳೆ ಹಾಕುತ್ತವೆ, ಕೊಡೆ ಹಿಡಿಯುವುದು ಕಷ್ಟ. ಮುಖ, ಕಿವಿ, ಕೈ! ಗಂಟೆಗೆ 45 ಕಿಲೋಮೀಟರ್ ಅಂದರೆ ನನಗೆ ಅಂದಾಜು ಸಿಗುವುದಿಲ್ಲ. ‘ಬೋಫರ್ಟ್ 6’ ಅಂದರೆ ತಕ್ಷಣ ಸಿಗುತ್ತದೆ. ಕೊಡೆ ಬಿಟ್ಟು ರೇನ್‌ಕೋಟ್ ಹಾಕಿಕೊಳ್ಳುತ್ತೇನೆ.

ಈಗ ಪುಟ ಮಾಡುವವರ ಹತ್ತಿರ ಒಂದು ಲೆಕ್ಕ ಹೇಳುತ್ತೇನೆ. ಗಂಟೆಗಂಟೆಯ ಮುನ್ಸೂಚನೆ ಎಂದು ಒಂದು ಪಟ್ಟಿ ಇರುತ್ತದೆ, ಅಡ್ಡಡ್ಡ ಸರಿಯುವಂಥದ್ದು. ಒಂದು ಗಂಟೆಗೆ ಆರು ತುಂಡು: ಸಮಯ, ಚಿತ್ರ, ಉಷ್ಣತೆ, ಹನಿಯ ಚಿತ್ರ, ಮಳೆಯ ಶೇಕಡ, ಗಾಳಿ. 24 ಗಂಟೆಗೆ 144 ತುಂಡು. ಫೋನಿನಲ್ಲಿ ನಾನು ಬೆರಳನ್ನು ಬಲಕ್ಕೆ ಒಂದು ಸಲ ಸರಿಸಿದರೆ ಒಂದು ತುಂಡು ಓದುತ್ತದೆ. ಇಡೀ ದಿನ ತಿಳಿಯಲು 144 ಸಲ ಬೆರಳು ಸರಿಸಬೇಕು. ಅದೇ ಒಂದು ಗಂಟೆಯದ್ದನ್ನೆಲ್ಲ ಒಟ್ಟುಗೂಡಿಸಿ “ಸಂಜೆ 5, ಸಾಧಾರಣ ಮಳೆ, 26 ಡಿಗ್ರಿ, ಮಳೆಯ ಸಾಧ್ಯತೆ ಶೇಕಡ 60” ಎಂದು ಒಂದೇ ಲೇಬಲ್ ಕೊಟ್ಟರೆ 24 ಸಲ ಸಾಕು. ನೋಡುವವರ ಪರದೆಯಲ್ಲಿ ಒಂದು ಚುಕ್ಕೆಯೂ ಬದಲಾಗುವುದಿಲ್ಲ.

ಲೇಬಲ್ ಜಾಸ್ತಿಯಾದರೂ ತೊಂದರೆಯೇ. ‘ಮೋಡ’ ಎಂಬ ಪದದ ಪಕ್ಕ ಮೋಡದ ಚಿತ್ರ, ಅದಕ್ಕೂ ‘ಮೋಡ’ ಎಂಬ ಲೇಬಲ್, ಅದರ ಮೇಲೆ ‘ಮೋಡದ ಐಕಾನ್’ ಎಂಬ ಶೀರ್ಷಿಕೆ. ಒಂದೇ ಮೋಡ ಮೂರು ಸಲ ಓದುತ್ತದೆ. ಪದ ಪಕ್ಕದಲ್ಲೇ ಇದ್ದರೆ ಚಿತ್ರದ ಲೇಬಲ್ ಖಾಲಿ ಬಿಡಿ. ಖಾಲಿ ಬಿಡುವುದು ಬೇರೆ, ಬರೆಯದೇ ಇರುವುದು ಬೇರೆ. ಕೋಡಿನಲ್ಲಿ ಚಿತ್ರದ ಲೇಬಲ್ ಬರೆಯುವ ಜಾಗಕ್ಕೆ ‘ಆಲ್ಟ್’ ಎನ್ನುತ್ತಾರೆ. ಖಾಲಿ ಆಲ್ಟ್ ಇದ್ದರೆ ಸ್ಕ್ರೀನ್ ರೀಡರ್ ಚಿತ್ರವನ್ನು ದಾಟಿ ಹೋಗುತ್ತದೆ. ಆಲ್ಟ್ ಬರೆಯದೇ ಬಿಟ್ಟರೆ ಎಷ್ಟೋ ಸಲ ಫೈಲಿನ ಹೆಸರನ್ನೇ ಓದುತ್ತದೆ. ಶುರುವಿನಲ್ಲಿ ಕೇಳಿದಿರಲ್ಲ, ‘ಸೊನ್ನೆ ನಾಲ್ಕು ಡಿ’ ಅಂತ. ಹಾಗೆಯೇ ಕನ್ನಡದ ಪುಟಕ್ಕೆ ಭಾಷೆ ಕನ್ನಡ ಎಂದು ಕೋಡಿನಲ್ಲಿ ಗುರುತು ಹಾಕಿ. ಇಂಗ್ಲಿಷ್ ಎಂದು ಗುರುತು ಇದ್ದರೆ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೋಗಿ ಏನೂ ಅರ್ಥವಾಗುವುದಿಲ್ಲ.

ನನ್ನ ಹಾಗೆ ಕೇಳಿ ಓದುವವರಿಗೆ ಎಲ್ಲಕ್ಕಿಂತ ಸುಖ ಕೊಡುವುದು ಸರಿಯಾಗಿ ಮಾಡಿದ ಟೇಬಲ್. ಎನ್‌ವಿಡಿಎ 2006ರಲ್ಲಿ ಶುರುವಾದ ಉಚಿತ ಸ್ಕ್ರೀನ್ ರೀಡರ್, ಇಲ್ಲಿ ತುಂಬ ಜನ ಬಳಸುತ್ತೀರಿ. ಅದರಲ್ಲಿ ಟಿ ಒತ್ತಿದರೆ ಮುಂದಿನ ಟೇಬಲಿಗೆ ಹಾರುತ್ತದೆ. ಕಂಟ್ರೋಲ್, ಆಲ್ಟ್ ಹಿಡಿದು ಬಾಣದ ಕೀ ಒತ್ತಿದರೆ ಸಾಲಿನಲ್ಲೋ ಕಾಲಮಿನಲ್ಲೋ ಸರಿಯಬಹುದು. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರಿನಲ್ಲೂ ಅದೇ ಕೀಗಳು. ‘ಮಳೆ’ ಎಂಬ ಕಾಲಮಿನಲ್ಲಿ ನಿಂತು ಕೆಳಗಿಳಿದರೆ ದಿನದ ಮಳೆ ಪೂರ್ತಿ ಕೇಳುತ್ತದೆ: 3 ಗಂಟೆ ಸೊನ್ನೆ, 4 ಗಂಟೆ ಸೊನ್ನೆ, 5 ಗಂಟೆ ಎರಡು, 6 ಗಂಟೆ ಎಂಟು. ಮಳೆ ಏರುತ್ತಾ ಹೋಗುವುದು ಕಿವಿಯಲ್ಲೇ ತಿಳಿಯುತ್ತದೆ. ಆದರೆ ಕಾಲಮಿನ ತಲೆಯಲ್ಲಿ ಹೆಸರು ಇರಬೇಕು, ಅದಕ್ಕೆ ಹೆಡರ್ ಎಂದು ಕೋಡಿನಲ್ಲಿ ಗುರುತೂ ಇರಬೇಕು. ಬರೀ ದಪ್ಪ ಅಕ್ಷರ ಮಾಡಿದರೆ ಸಾಲದು.

ಮಳೆಯ ಶೇಕಡದ ಬಗ್ಗೆ ಒಂದು ಮಾತು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಪ್ರಕಾರ ಶೇಕಡ 40 ಅಂದರೆ, ಹೇಳಿದ ಅವಧಿಯಲ್ಲಿ ಆ ಪ್ರದೇಶದ ಯಾವುದೇ ಒಂದು ಜಾಗದಲ್ಲಿ ಕಾಲು ಮಿಲಿಮೀಟರಿನಷ್ಟಾದರೂ ಮಳೆ ಬೀಳುವ ಸಾಧ್ಯತೆ ನೂರಕ್ಕೆ 40. ಎಷ್ಟು ಮಳೆ ಎಂದು ಅದು ಹೇಳುವುದೇ ಇಲ್ಲ. ಶೇಕಡ 90, ಮಳೆ ಅರ್ಧ ಮಿಲಿಮೀಟರ್ ಎಂದರೆ ತುಂತುರು, ನಾನು ನಡೆದೇ ಹೋಗುತ್ತೇನೆ. ಶೇಕಡ 40, ಮಳೆ 30 ಮಿಲಿಮೀಟರ್ ಎಂದರೆ ಬಂದರೆ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಕೋಲಿಗೆ ಗುಂಡಿ ಸಿಗುವುದಿಲ್ಲ. ಅಂಥ ದಿನ ನಾನು ಹೊರಡುವ ಸಮಯವನ್ನೇ ಬದಲಿಸುತ್ತೇನೆ. ನೋಡುವವರಿಗೆ ಮೋಡದ ಬೊಂಬೆಯ ಕೆಳಗೆ ಮೂರು ಹನಿಯೋ ಒಂದು ಹನಿಯೋ ಎಂಬುದು ಆ ಸುಳಿವು ಕೊಡುತ್ತದೆ. ನಮಗೆ ಎರಡು ಅಂಕಿಯೂ ಬಾಯಿಬಿಟ್ಟು ಹೇಳಬೇಕು.

ಈಗ ನಾನು ಏನೇನು ಬಳಸುತ್ತೇನೆ ಎಂದು ಹೇಳುತ್ತೇನೆ. ಎಲ್ಲರಿಗೂ ಇದೇ ಸರಿ ಎಂದಲ್ಲ.

ಕಂಪ್ಯೂಟರಿನಲ್ಲಿ ಎನ್‌ವಿಡಿಎಗೆ ‘ವೆದರ್ ಪ್ಲಸ್’ ಎಂಬ ಆಡ್‌ಆನ್ ಇದೆ. ಊರು ಒಮ್ಮೆ ಆರಿಸಿಟ್ಟರೆ ಆಮೇಲೆ ಕೀ ಒತ್ತಿದಾಗ ಹವಾಮಾನ ಹೇಳುತ್ತದೆ. ಪುಟ ತೆರೆಯುವುದು, ಜಾಹೀರಾತು ದಾಟುವುದು ಯಾವುದೂ ಇಲ್ಲ. ಕಮಾಂಡ್ ಬರೆದು ಅಭ್ಯಾಸ ಇರುವವರಿಗೆ ಡಬ್ಲ್ಯು-ಟಿ-ಟಿ-ಆರ್ ಡಾಟ್ ಇನ್ ಎಂಬ ತಾಣ ಒಳ್ಳೆಯದು. ಸುಮ್ನೆ ತೆರೆದರೆ ಅಕ್ಷರಗಳಿಂದ ಮಾಡಿದ ಚಿತ್ರ ಬರುತ್ತದೆ, ಅದು ನಮಗೆ ಬರೀ ಗೆರೆ, ಚುಕ್ಕೆ. ಆದರೆ ಊರಿನ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿ ‘ಫಾರ್ಮ್ಯಾಟ್’ ಸಮ 3 ಎಂದು ಬರೆದರೆ ಒಂದೇ ಸಾಲಿನಲ್ಲಿ ಊರು, ಆಕಾಶ, ಉಷ್ಣತೆ ಬರುತ್ತದೆ. ಆಕಾಶಕ್ಕೆ ಅದು ಇಮೋಜಿ ಹಾಕುತ್ತದೆ. ಇಮೋಜಿಗೆ ಹೆಸರು ಇರುವುದರಿಂದ ಸ್ಕ್ರೀನ್ ರೀಡರ್ ‘ಮೋಡದ ಹಿಂದೆ ಸೂರ್ಯ’ ಎಂದು ಓದಿಬಿಡುತ್ತದೆ.

ನಾರ್ವೆಯ ಹವಾಮಾನ ಸಂಸ್ಥೆ ಮತ್ತು ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಸೇರಿ 2007ರಲ್ಲಿ ಶುರು ಮಾಡಿದ ‘ವೈಆರ್’ ಜಗತ್ತಿನ ಎಲ್ಲ ಕಡೆಯ ಊರುಗಳಿಗೆ ಮುನ್ಸೂಚನೆ ಕೊಡುತ್ತದೆ. ಗ್ರಾಫ್ ಬೇಡವಾದರೆ ಟೇಬಲ್ ಆರಿಸಿಕೊಳ್ಳಬಹುದು. ಅಮೆರಿಕದಲ್ಲಿ ಇರುವವರಿಗೆ ಇನ್ನೂ ದೊಡ್ಡ ಸಂಪತ್ತು ಇದೆ. ಅಲ್ಲಿನ ಸೇವೆ ದಿನವನ್ನು ‘ಇಂದು ರಾತ್ರಿ’, ‘ನಾಳೆ ಹಗಲು’ ಎಂದು ಹಂಚಿ ಪೂರ್ತಿ ವಾಕ್ಯದಲ್ಲಿ ಬರೆಯುತ್ತದೆ. ಅದರ ಜೊತೆ ‘ಏರಿಯಾ ಫೋರ್‌ಕಾಸ್ಟ್ ಡಿಸ್ಕಷನ್’ ಎಂಬ ಬರಹವೂ ಬರುತ್ತದೆ. ಮುನ್ಸೂಚನೆ ಕೊಡುವ ತಜ್ಞರು ತಮ್ಮ ಅನುಮಾನಗಳನ್ನೂ ಸೇರಿಸಿ ಬರೆದಿರುತ್ತಾರೆ. ಬೇರೆ ಬೇರೆ ಲೆಕ್ಕಗಳು ಒಂದಕ್ಕೊಂದು ಒಪ್ಪುತ್ತಿಲ್ಲ, ಮಳೆ ತಡವಾಗಬಹುದು, ಹೀಗೆ. ನಕ್ಷೆಯಲ್ಲೂ ಸಿಗದ ಮಾತು ಅದು. ನಾನು ಅದನ್ನು ಕಥೆ ಓದಿದ ಹಾಗೆ ಓದುತ್ತೇನೆ.

ಮಾತಾಡುವ ಸ್ಪೀಕರ್ ಕೇಳಿದರೆ ಆಗಲ್ವಾ ಎಂದು ಕೇಳುತ್ತೀರಿ. ಬೆಳಗ್ಗೆ ಎದ್ದ ತಕ್ಷಣ ಕೇಳಲು ಚೆನ್ನಾಗಿದೆ. ಆದರೆ ಅದು ಆರಿಸಿದ್ದನ್ನು ಹೇಳುತ್ತದೆ, ನಾನು ಹುಡುಕಿದ್ದನ್ನಲ್ಲ. 4 ಗಂಟೆಗೂ 6 ಗಂಟೆಗೂ ಏನು ವ್ಯತ್ಯಾಸ ಎಂದು ಹಿಂದೆ ಮುಂದೆ ಹೋಗಿ ನೋಡುವುದು ಟೇಬಲಿನಲ್ಲೇ ಸುಲಭ.

ಇನ್ನು ರೇಡಾರ್ ನಕ್ಷೆ. ಇದು ನಮಗೆ ಆಗುವ ಅತಿ ದೊಡ್ಡ ನಷ್ಟ. ಮಳೆ ಈಗ ಎಲ್ಲಿದೆ, ಎತ್ತ ಸಾಗುತ್ತಿದೆ, ಇಲ್ಲಿಗೆ ಬರಲು ಎಷ್ಟು ಹೊತ್ತು, ಮೂರನ್ನೂ ನೋಡುವವರು ಅದರಲ್ಲಿ ಒಟ್ಟಿಗೆ ತಿಳಿಯುತ್ತಾರೆ. ‘ಇನ್ನು 20 ನಿಮಿಷದಲ್ಲಿ ಮಳೆ ಶುರು’ ಎಂದು ಬರೆದು ಹೇಳುವ ಆ್ಯಪ್ ಇದ್ದರೆ ಅದೇ ನಮ್ಮ ರೇಡಾರ್. ಇಲ್ಲದಿದ್ದರೆ ನಾನು ವಿಮಾನದವರ ದಾರಿ ಹಿಡಿಯುತ್ತೇನೆ. ವಿಮಾನ ನಿಲ್ದಾಣಗಳು ಗಂಟೆಗೊಮ್ಮೆ ಅಥವಾ ಅರ್ಧ ಗಂಟೆಗೊಮ್ಮೆ ‘ಮೆಟಾರ್’ ಎಂಬ ವರದಿ ಕೊಡುತ್ತವೆ. ಅದು ಪೂರ್ತಿ ಅಕ್ಷರ, ಅಂಕಿ. 24012 ಎಂದು ಬರೆದು ಮುಂದೆ ಕೆ ಟಿ ಎಂದಿದ್ದರೆ 240 ಡಿಗ್ರಿಯಿಂದ, ಅಂದರೆ ಹೆಚ್ಚುಕಡಿಮೆ ನೈಋತ್ಯದಿಂದ, 12 ನಾಟ್ ವೇಗದಲ್ಲಿ ಗಾಳಿ. ಆರ್ ಎ ಅಂದರೆ ಮಳೆ. ಟಿ ಎಸ್ ಅಂದರೆ ಗುಡುಗು. ಎಫ್ ಜಿ ಅಂದರೆ ದಟ್ಟ ಮಂಜು. ಮಳೆಯ ಗುರುತಿಗಿಂತ ಮೊದಲು ಪ್ಲಸ್ ಇದ್ದರೆ ಜೋರು, ಮೈನಸ್ ಇದ್ದರೆ ಕಡಿಮೆ. ಪರದೆಯ ಅಕ್ಷರಗಳನ್ನು ಬೆರಳಿಗೆ ಸಿಗುವ ಚುಕ್ಕೆಗಳಾಗಿ ಮೂಡಿಸುವ ಬ್ರೈಲ್ ಡಿಸ್‌ಪ್ಲೇ ಇರುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. 40 ಕೋಶಗಳ ಸಾಲಿನಲ್ಲಿ ವರದಿಯ ಹೆಚ್ಚಿನ ಭಾಗ ಒಂದೇ ಸಲಕ್ಕೆ ಬೆರಳ ಕೆಳಗೆ ಬರುತ್ತದೆ. ಗಾಳಿ ನೈಋತ್ಯದಿಂದ ಇದ್ದರೆ ನಾನು ನೈಋತ್ಯದ ಕಡೆ ಇರುವ ನಿಲ್ದಾಣದ ವರದಿ ಓದುತ್ತೇನೆ. ಅಲ್ಲಿ ಮಳೆ ಶುರುವಾಗಿದ್ದರೆ ಇಲ್ಲಿಗೂ ಬರಬಹುದು ಎಂದು ಸಿದ್ಧವಾಗುತ್ತೇನೆ. ಮೋಡದ ಎತ್ತರದಲ್ಲಿ ಗಾಳಿ ಬೇರೆ ಕಡೆ ಇರಬಹುದು, ಆದ್ದರಿಂದ ಇದು ಅಂದಾಜು ಮಾತ್ರ. ಆದರೂ ಏನೂ ಇಲ್ಲದೆ ಕೂರುವುದಕ್ಕಿಂತ ಎಷ್ಟೋ ವಾಸಿ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಮಿಂಚು ಕಾಣದವರಿಗೆ ಆ ಲೆಕ್ಕ ಇಲ್ಲ. ನಮಗೆ ಒಂದೇ ನಿಯಮ: ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ತಾಗುವಷ್ಟು ಹತ್ತಿರ ಇದ್ದೇವೆ. ಕೂಡಲೇ ಒಳಗೆ ಹೋಗಿ.

ಕೊನೆಯದಾಗಿ ಎಚ್ಚರಿಕೆಗಳು. ಇಲ್ಲಿ ಜೀವದ ಪ್ರಶ್ನೆ ಇದೆ. ಅನೇಕ ದೇಶಗಳಲ್ಲಿ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತಾರೆ. ಬಣ್ಣದ ಹೆಸರು ಹೇಳಿದರೆ ನನಗೇನೂ ತೊಂದರೆ ಇಲ್ಲ, ಕೆಂಪು ಅಂದರೆ ಏನೆಂದು ಗೊತ್ತು. ನಕ್ಷೆಯ ಮೇಲೆ ಬಣ್ಣ ಬಳಿದು ಸುಮ್ಮನಾದರೆ ಮಾತ್ರ ನಮ್ಮನ್ನು ಹೊರಗಿಟ್ಟ ಹಾಗೆ. ಮಾಹಿತಿಯನ್ನು ಬರೀ ಬಣ್ಣದಿಂದ ತಿಳಿಸಬಾರದು ಎಂದು ವೆಬ್‌ನ ಸುಗಮತೆಯ ಮಾರ್ಗಸೂಚಿ 2008ರಲ್ಲೇ ಹೇಳಿದೆ. ಬಣ್ಣ ಗುರುತಿಸಲಾಗದ ನೋಡುವವರಿಗೂ ಅದೇ ಬೇಕು. ಎಚ್ಚರಿಕೆ ಹೊರಡುವಾಗ ಅದರೊಳಗೆ ಮಾತು ಇದ್ದೇ ಇರುತ್ತದೆ. ಜಗತ್ತಿನಲ್ಲಿ ತುಂಬ ಕಡೆ ಬಳಸುವ ‘ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್’ ಎಂಬ ಪದ್ಧತಿಯಲ್ಲಿ ಎಷ್ಟು ತುರ್ತು, ಎಷ್ಟು ತೀವ್ರ, ಎಷ್ಟು ಖಚಿತ ಎಂದು ಮೂರಕ್ಕೂ ಬೇರೆ ಬೇರೆ ಜಾಗ ಇದೆ. ಜನ ಏನು ಮಾಡಬೇಕು ಎಂದು ಬರೆಯಲೂ ಜಾಗ ಇದೆ. ಪುಟ ಮಾಡುವವರೇ, ಆ ಮಾತು ನಿಮ್ಮ ಕೈಗೆ ಬಂದಿರುತ್ತದೆ. ಅದನ್ನು ನಕ್ಷೆಗಿಂತ ಮೊದಲು, ಹೆಡ್ಡಿಂಗ್ ಕೆಳಗೆ, ಸಾದಾ ಅಕ್ಷರದಲ್ಲಿ ಹಾಕಿ. ಹೆಡ್ಡಿಂಗಿಗೆ ಹಾರಲು ಎಚ್ ಕೀ ಒತ್ತಿದರೆ ನಮಗೆ ಮೊದಲು ಅದೇ ಸಿಗಲಿ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ದೂರು ಬರೆದರೆ ಯಾರಾದರೂ ಓದುತ್ತಾರಾ? ನಾನು ಬರೆಯುವಾಗ ‘ನಿಮ್ಮ ಪುಟ ಸರಿಯಿಲ್ಲ’ ಎಂದಷ್ಟೇ ಬರೆಯುವುದಿಲ್ಲ. ಯಾವ ಸ್ಕ್ರೀನ್ ರೀಡರ್, ಯಾವ ಬ್ರೌಸರ್, ಪುಟದ ಯಾವ ಜಾಗ, ಏನು ಓದಿತು, ಏನು ಓದಬೇಕಿತ್ತು, ಐದೂ ಬರೆಯುತ್ತೇನೆ. ಧ್ವನಿ ಮುದ್ರಿಸಿ ಜೊತೆಗೆ ಕಳಿಸುತ್ತೇನೆ. ತುಂಬ ಪತ್ರಗಳಿಗೆ ಉತ್ತರ ಬಂದಿಲ್ಲ. ಒಂದು ಸಣ್ಣ ತಾಣಕ್ಕೆ ಗಾಳಿಯ ಬಾಣದ ಬಗ್ಗೆ ಬರೆದಿದ್ದೆ. ಬಾಣ ಗಾಳಿ ಹೋಗುವ ಕಡೆ ತೋರಿಸುತ್ತದೋ, ಬರುವ ಕಡೆಯೋ ಎಂದೂ ಕೇಳಿದ್ದೆ. ಅದನ್ನು ನೋಡಿಕೊಳ್ಳುವವರು ಮೂರನೇ ದಿನ ಬರೆದರು: ನೋಡುವವರೂ ಆ ಬಾಣವನ್ನು ತಪ್ಪು ತಿಳಿಯುತ್ತಿದ್ದರಂತೆ, ಹಾಗಾಗಿ ಬಾಣದ ಪಕ್ಕ ಎಲ್ಲರಿಗೂ ಕಾಣುವ ಹಾಗೆ ಪದಗಳನ್ನೇ ಹಾಕಿದ್ದೇವೆ, ಒಮ್ಮೆ ನೋಡಿ ಎಂದು. ತೆರೆದು ಕೇಳಿದೆ. “ನೈಋತ್ಯದಿಂದ ಗಾಳಿ, ಗಂಟೆಗೆ ಹನ್ನೆರಡು ಕಿಲೋಮೀಟರ್” ಎಂದು ಓದಿತು.